ಹುಳುವಲ್ಲ, ಹುಳಿ: ದಂತಕವಚದಲ್ಲಿ ಹುಳುಕಿನ ಮೊದಲ ಹೆಜ್ಜೆ

ಕನ್ನಡದಲ್ಲಿ ಹಲ್ಲಿನ ಕ್ಷಯಕ್ಕೆ ರೂಢಿಯಲ್ಲಿರುವ ಮಾತು ‘ಹುಳುಕು’. ‘ಹಲ್ಲು ಹುಳುಕಾಗಿದೆ’, ‘ಹಲ್ಲಿಗೆ ಹುಳು ಹಿಡಿದಿದೆ’, ‘ಹುಳುಕು ಹಲ್ಲು ಕೀಳಿಸಬೇಕು’ ಎಂಬ ಪ್ರಯೋಗಗಳು ಅಲ್ಪಸ್ವಲ್ಪ ವ್ಯತ್ಯಾಸಗಳೊಡನೆ ಕನ್ನಡ ಮಾತನಾಡುವ ಪ್ರದೇಶಗಳಲ್ಲೆಲ್ಲ ಕೇಳಿಬರುತ್ತವೆ. ಈ ಮಾತುಗಳ ಹಿಂದಿರುವ ಚಿತ್ರ ಒಂದೇ. ಮರದ ತೊಲೆಯನ್ನೋ ಕಣಜದ ಕಾಳನ್ನೋ ಹುಳು ಕೊರೆಯುವಂತೆ ಹಲ್ಲನ್ನೂ ಯಾವುದೋ ಜೀವಿ ಹೊರಗಿನಿಂದ ಕೊರೆದು ತೂತು ಮಾಡುತ್ತದೆ ಎಂಬುದೇ ಆ ಚಿತ್ರ. ಇದು ಕನ್ನಡದ್ದು ಮಾತ್ರವಲ್ಲ. ಮರಾಠಿಯ ‘ದಾತ ಕಿಡಣೇ’ ಎಂಬ ಪ್ರಯೋಗದಲ್ಲಿರುವುದೂ, ಹಿಂದಿಯವರು ಹೇಳುವ ‘ಕೀಡಾ’ ಕೂಡ ಅದೇ ಹುಳು. ಸುಶ್ರುತಸಂಹಿತೆಯು ಹಲ್ಲಿನ ಎಂಟು ರೋಗಗಳನ್ನು ಎಣಿಸುವಾಗ ಅವುಗಳಲ್ಲಿ ಒಂದನ್ನು ‘ಕೃಮಿದಂತಕ’ ಎಂದು ಕರೆದಿದೆ. ಪ್ರಾಚೀನ ಬ್ಯಾಬಿಲೋನಿಯದ ಜೇಡಿಮಣ್ಣಿನ ಹಲಗೆಯೊಂದರಲ್ಲಿಯೂ ಹಲ್ಲಿನ ಹುಳುವಿನ ಕಥೆ ದೊರೆತಿದೆ. ಯುರೋಪಿನಲ್ಲಿ ಈ ನಂಬಿಕೆಯನ್ನು ಗಟ್ಟಿಯಾಗಿ ಪ್ರಶ್ನಿಸಿದವನು ಫ್ರಾನ್ಸಿನ ದಂತವೈದ್ಯ ಪಿಯರ್ ಫೋಷಾರ್. 1728ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಇಂಥ ಹುಳುಗಳನ್ನು ತಾನು ಕಾಣಲಿಲ್ಲವೆಂದು ಬರೆದ.

ಹುಳು ಹೋಯಿತು, ಹುಳುಕು ಉಳಿಯಿತು. ಮಾತು ಉಳಿದುದರಲ್ಲಿ ತಪ್ಪೇನೂ ಇಲ್ಲ. ಸೂರ್ಯ ಹುಟ್ಟುವುದಿಲ್ಲವೆಂದು ತಿಳಿದ ಮೇಲೆಯೂ ‘ಸೂರ್ಯ ಹುಟ್ಟಿದ’ ಎಂಬ ಮಾತು ಬಳಕೆಯಲ್ಲಿದೆ. ಆದರೆ ‘ಹುಳುಕು’ ಎಂಬ ಮಾತಿನೊಡನೆ ಒಂದು ಗ್ರಹಿಕೆಯೂ ಉಳಿದುಕೊಂಡಿತು. ರೋಗವೆಂದರೆ ತೂತು, ತೂತು ಕಾಣುವವರೆಗೆ ರೋಗವಿಲ್ಲ, ತೂತು ಕಂಡಮೇಲೆ ಹಿಂದಿರುಗುವ ದಾರಿಯಿಲ್ಲ ಎಂಬ ಗ್ರಹಿಕೆ ಅದು. ಇವುಗಳಲ್ಲಿ ಕೊನೆಯದು ಬಹುಮಟ್ಟಿಗೆ ನಿಜ. ಮೊದಲೆರಡು ನಿಜವಲ್ಲ. ಹಲ್ಲಿನಲ್ಲಿ ತೂತು ಬೀಳುವುದು ರೋಗದ ಆರಂಭವಲ್ಲ, ಅದರ ಮೊದಲ ಅಧ್ಯಾಯದ ಮುಕ್ತಾಯ. ಆ ಮೊದಲ ಅಧ್ಯಾಯದ ಸ್ವರೂಪವೇನು, ಅದರಲ್ಲಿ ಹಿಂದಿರುಗುವ ದಾರಿ ಎಲ್ಲಿದೆ ಎಂಬುದೇ ಈ ಲೇಖನದ ವಿಷಯ.

ಸಯನ್ ಎಂಬ ಎಲ್ಲೆ

ಮುಂಬಯಿಯ ಸಯನ್ ಈ ವಿಷಯವನ್ನು ಪರಿಶೀಲಿಸಲು ತಕ್ಕ ನೆಲೆ. ಮರಾಠಿಯಲ್ಲಿ ಈ ಊರಿನ ಹೆಸರು ‘ಶೀವ’. ಶೀವ ಎಂದರೆ ಎಲ್ಲೆ, ಗಡಿ; ಕನ್ನಡದ ‘ಸೀಮೆ’ಗೂ ಅದಕ್ಕೂ ಸಂಸ್ಕೃತದ ಮೂಲಕ ನಂಟುಂಟು. ಇಂಗ್ಲಿಷರ ವಶದಲ್ಲಿದ್ದ ಪರೇಲ್ ದ್ವೀಪಕ್ಕೂ ಪೋರ್ಚುಗೀಸರ ವಶದಲ್ಲಿದ್ದ ಸಾಷ್ಟಿಗೂ ನಡುವಿನ ಗಡಿ ಇದಾಗಿತ್ತು. ಗವರ್ನರ್ ಜೆರಾಲ್ಡ್ ಆಂಜಿಯರನ ಕಾಲದಲ್ಲಿ, 1669ರಿಂದ 1677ರ ನಡುವೆ, ಈ ಗಡಿಯ ಗುಡ್ಡದ ಮೇಲೆ ಕಟ್ಟಿದ ಕೋಟೆಯ ಅವಶೇಷ ಇಂದಿಗೂ ಇದೆ. ಗಡಿಯೆಂದರೆ ಎರಡು ಕಡೆಯ ವ್ಯವಹಾರ ನಡೆಯುವ ಜಾಗ. ಹಲ್ಲಿನ ಮೇಲ್ಮೈಯೂ ಅಂಥದೇ ಒಂದು ಎಲ್ಲೆಯೆಂಬುದು ಮುಂದಿನ ವಿವರಣೆಯಿಂದ ತಿಳಿಯುತ್ತದೆ.

ಸಯನ್‌ನಲ್ಲಿರುವ ಲೋಕಮಾನ್ಯ ತಿಲಕ್ ಸಾರ್ವಜನಿಕ ಆಸ್ಪತ್ರೆಯು 1947ರಲ್ಲಿ ಆರಂಭವಾಯಿತು. ಅದಕ್ಕೆ ಸೇರಿದ ವೈದ್ಯಕೀಯ ಮಹಾವಿದ್ಯಾಲಯ 1964ರದು. ಮಹಾನಗರಪಾಲಿಕೆಯ ಈ ಆಸ್ಪತ್ರೆಯ ಒಂದು ಮಗ್ಗುಲಲ್ಲಿ ಧಾರಾವಿ, ಇನ್ನೊಂದು ಮಗ್ಗುಲಲ್ಲಿ ಮಾಟುಂಗಾ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ಹೋಟೆಲು ಉದ್ಯಮವನ್ನು ಅರಸಿ ಬಂದವರೂ, ಕಲಬುರಗಿ, ರಾಯಚೂರು, ವಿಜಯಪುರಗಳ ಒಣಭೂಮಿಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರೂ ಈ ಪರಿಸರದಲ್ಲಿ ನೆಲೆಸಿದ್ದಾರೆ. ಕನ್ನಡ, ತುಳು, ಮರಾಠಿ, ತಮಿಳು, ತೆಲುಗು, ಹಿಂದಿಗಳು ಬೆರೆಯುವ ಇಂಥ ಪರಿಸರದ ಆಸ್ಪತ್ರೆಗಳ ದಂತವಿಭಾಗಕ್ಕೆ ಜನ ಸಾಮಾನ್ಯವಾಗಿ ಬರುವುದು ಹಲ್ಲುನೋವು ತಡೆಯಲಾರದಾದಾಗ. ನೋವು ಬಂದಿದೆಯೆಂದರೆ ರೋಗ ಹಲ್ಲಿನ ಒಳಪದರವನ್ನೋ ತಿರುಳನ್ನೋ ತಲುಪಿದೆಯೆಂದು ಅರ್ಥ. ಮೊದಲ ಅಧ್ಯಾಯ ಅಷ್ಟರೊಳಗೆ ಮುಗಿದುಹೋಗಿರುತ್ತದೆ.

ಅಂಕಿಅಂಶಗಳ ಕಣ್ಣಿಗೂ ಈ ಅಧ್ಯಾಯ ಸುಲಭವಾಗಿ ಬೀಳುವುದಿಲ್ಲ. ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಹುಳುಕು ಕಂಡುಬಂದಿತು. ಆದರೆ ಇಂಥ ಸಮೀಕ್ಷೆಗಳಲ್ಲಿ ಬಳಕೆಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ, ಕುಳಿ ಬಿದ್ದ ಹಲ್ಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಕುಳಿಗೆ ಮುಂಚಿನ ಬಿಳಿ ಮಚ್ಚೆಯನ್ನು ಆರೋಗ್ಯವಂತ ಹಲ್ಲಿನ ಜೊತೆಯಲ್ಲಿಯೇ ಎಣಿಸಲಾಗುತ್ತದೆ. ನುಡಿಯಲ್ಲಿ ಹೆಸರಿಲ್ಲದ ಹಂತಕ್ಕೆ ಲೆಕ್ಕದಲ್ಲಿಯೂ ಸ್ಥಾನವಿಲ್ಲ.

ಕವಚದ ರಚನೆ

ಹಲ್ಲಿನ ಹೊರಪದರಕ್ಕೆ ಎನಾಮಲ್ ಅಥವಾ ದಂತಕವಚವೆಂದು ಹೆಸರು. ಮನುಷ್ಯದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ತೂಕದಲ್ಲಿ ಇದರ ಸುಮಾರು 96 ಪಾಲು ಖನಿಜ. ಉಳಿದ ನಾಲ್ಕು ಪಾಲು ನೀರು ಮತ್ತು ಅತ್ಯಲ್ಪ ಪ್ರಮಾಣದ ಸಸಾರಜನಕ. ದವಡೆ ಹಲ್ಲಿನ ಉಬ್ಬುಗಳ ಮೇಲೆ ಇದರ ದಪ್ಪ ಎರಡೂವರೆ ಮಿಲಿಮೀಟರಿನಷ್ಟಿದ್ದರೆ ಕೊರಳಿನ ಹತ್ತಿರ ಕಾಗದದಂತೆ ತೆಳುವಾಗುತ್ತದೆ. ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್. ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸಿಲ್ ಸೇರಿ ಆದ ಹರಳು ಇದು. ಹಲ್ಲಿನಲ್ಲಿರುವ ಹರಳು ಶುದ್ಧವಲ್ಲ. ಅಲ್ಲಲ್ಲಿ ಫಾಸ್ಫೇಟಿನ ಜಾಗದಲ್ಲಿ ಕಾರ್ಬೊನೇಟ್ ಸೇರಿಕೊಂಡಿರುತ್ತದೆ. ಇಂಥ ಬೆರಕೆ ಇದ್ದಷ್ಟೂ ಹರಳು ಆಮ್ಲದಲ್ಲಿ ಬೇಗ ಕರಗುತ್ತದೆ.

ಈ ಹರಳುಗಳು ಸಾವಿರಗಟ್ಟಲೆ ಒತ್ತಾಗಿ ಸೇರಿ ಕಂಬಿಗಳಾಗುತ್ತವೆ. ಒಂದೊಂದು ಕಂಬಿಯ ಅಡ್ಡಗಲ ಸುಮಾರು ಐದು ಮೈಕ್ರೊಮೀಟರ್, ಎಂದರೆ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗ. ಕಂಬಿಗಳು ಒಳಗಿನಿಂದ ಹೊರಕ್ಕೆ, ಕಣಜದಲ್ಲಿ ಒಟ್ಟಿದ ಬಿದಿರಿನಂತೆ, ಒಂದಕ್ಕೊಂದು ತಾಗಿ ನಿಂತಿವೆ. ಕಂಬಿಗಳ ನಡುವೆಯೂ ಹರಳುಗಳ ನಡುವೆಯೂ ಅತಿಸೂಕ್ಷ್ಮವಾದ ಸಂದುಗಳಿವೆ. ಅವುಗಳಲ್ಲಿ ನೀರು ತುಂಬಿದೆ. ಆರೋಗ್ಯವಂತ ಕವಚದ ಗಾತ್ರದಲ್ಲಿ ಈ ಸಂದುಗಳ ಪಾಲು ಶೇಕಡಾ 0.1ರಷ್ಟು ಮಾತ್ರ. ಬರಿಗಣ್ಣಿಗೆ ಗಾಜಿನಂತೆ ಬಿರುಕಿಲ್ಲದ ಈ ಕವಚ ವಾಸ್ತವವಾಗಿ ಜರಡಿ. ಅದರ ಕಣ್ಣುಗಳು ಮಾತ್ರ ಬಲು ಸಣ್ಣವು.

ಮೂಳೆಗೂ ದಂತಕವಚಕ್ಕೂ ಇರುವ ಮುಖ್ಯ ವ್ಯತ್ಯಾಸವೊಂದನ್ನು ಇಲ್ಲಿ ಗಮನಿಸಬೇಕು. ಮೂಳೆ ಮುರಿದರೆ ಅದರೊಳಗಿನ ಜೀವಕೋಶಗಳು ಅದನ್ನು ಮತ್ತೆ ಕೂಡಿಸುತ್ತವೆ. ದಂತಕವಚವನ್ನು ಕಟ್ಟಿದ ಕೋಶಗಳು ಹಲ್ಲು ಒಸಡನ್ನು ಸೀಳಿ ಹೊರಬರುವ ಹೊತ್ತಿಗೆ ತಮ್ಮ ಕೆಲಸ ಮುಗಿಸಿ ಅಳಿದುಹೋಗುತ್ತವೆ. ಮನೆ ಕಟ್ಟಿದ ಗಾರೆಯವರು ಊರು ಬಿಟ್ಟು ಹೋದಂತೆ. ಅಲ್ಲಿಂದ ಮುಂದೆ ಈ ಕವಚಕ್ಕೆ ರಕ್ತವಿಲ್ಲ, ನರವಿಲ್ಲ, ಕೋಶವಿಲ್ಲ. ಅದು ಕರಗುವಾಗ ನೋವಾಗದಿರುವುದಕ್ಕೆ ಇದೇ ಕಾರಣ. ಆದರೂ ಅದಕ್ಕೆ ದುರಸ್ತಿಯಿಲ್ಲವೆಂದು ತಿಳಿಯಬಾರದು. ದುರಸ್ತಿ ಮಾಡುವ ದ್ರವ ಹೊರಗಿನಿಂದ ಹಗಲಿರುಳೂ ಅದನ್ನು ತೊಳೆಯುತ್ತಿರುತ್ತದೆ. ಅದೇ ಜೊಲ್ಲು.

ಹುಳು ಮತ್ತು ಹುಳಿ

‘ಹುಳು’ ಮತ್ತು ‘ಹುಳಿ’ ಇಂದು ಒಂದೇ ಅಕ್ಷರದಿಂದ ಬರೆಯುವ ಮಾತುಗಳು. ಹಳಗನ್ನಡದಲ್ಲಿ ಹಾಗಿರಲಿಲ್ಲ. ಹುಳು ‘ಪುೞು’ವಾಗಿತ್ತು, ಹುಳಿ ‘ಪುಳಿ’ಯಾಗಿತ್ತು. ೞಕಾರ ಬಳಕೆಯಿಂದ ಜಾರಿದ ಮೇಲೆ ಎರಡೂ ಒಂದೇ ಧ್ವನಿಗೆ ಬಂದು ನಿಂತವು. ಬೇರೆ ಬೇರೆ ಮೂಲದ ಈ ಎರಡು ಮಾತುಗಳ ಹೋಲಿಕೆ ಆಕಸ್ಮಿಕ. ಆದರೆ ಹಲ್ಲಿನ ವಿಷಯದಲ್ಲಿ ಹುಳುವಿನ ಮೇಲೆ ಹೊರಿಸಿದ ಅಪರಾಧ ವಾಸ್ತವದಲ್ಲಿ ಹುಳಿಯದು.

ಇದನ್ನು ಪ್ರಯೋಗಗಳ ಮೂಲಕ ತೋರಿಸಿದವನು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಡೇಟನ್ ಮಿಲ್ಲರ್. ಬಾಯಿಯ ಸೂಕ್ಷ್ಮಜೀವಿಗಳನ್ನು ಕುರಿತ ಅವನ ಗ್ರಂಥ 1890ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಆಹಾರದ ಸಕ್ಕರೆಯನ್ನೂ ಪಿಷ್ಟವನ್ನೂ ಹುಳಿಯಾಗಿ ಮಾರ್ಪಡಿಸುತ್ತವೆ, ಆ ಹುಳಿ ಹಲ್ಲಿನ ಖನಿಜವನ್ನು ಕರಗಿಸುತ್ತದೆ ಎಂಬುದು ಅವನ ಸಿದ್ಧಾಂತದ ತಿರುಳು. ಕನ್ನಡದ ಅಡುಗೆಮನೆಗೆ ಇದು ಹೊಸ ವಿದ್ಯೆಯಲ್ಲ. ಹೆಪ್ಪು ಹಾಕಿದ ಹಾಲು ಮೊಸರಾಗುವುದೂ, ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಬರುವುದೂ ಇಂಥ ಬ್ಯಾಕ್ಟೀರಿಯಾಗಳ ಕೆಲಸವೇ. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲವೇ ಹಲ್ಲಿನ ಮೇಲೆಯೂ ಮುಖ್ಯ ಆಮ್ಲ. ವ್ಯತ್ಯಾಸವಿರುವುದು ಜಾಗದಲ್ಲಿ ಮತ್ತು ವೇಗದಲ್ಲಿ.

ಜಾಗವೆಂದರೆ ಹಲ್ಲಿನ ಪಾಚಿ. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಸಸಾರಜನಕಗಳ ತೆಳುಪೊರೆಯೊಂದು ಹಲ್ಲನ್ನು ಆವರಿಸುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾಗಳು ಬಂದು ಅಂಟಿಕೊಂಡು, ಬೆಳೆದು, ಪದರಗಟ್ಟುತ್ತವೆ. ದಂತವೈದ್ಯರು ಪ್ಲಾಕ್ ಎಂದು ಕರೆಯುವುದು ಇದನ್ನೇ. 1924ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ ಗುರುತಿಸಿದ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಎಂಬ ಬ್ಯಾಕ್ಟೀರಿಯವು ಸಕ್ಕರೆಯಿಂದ ಹುಳಿಯನ್ನು ಮಾತ್ರವಲ್ಲದೆ ಅಂಟನ್ನೂ ತಯಾರಿಸಿ ಪಾಚಿಯನ್ನು ಗಟ್ಟಿಗೊಳಿಸುತ್ತದೆ. ಬಹುಕಾಲ ಅದನ್ನೇ ಏಕೈಕ ಅಪರಾಧಿಯೆಂದು ಭಾವಿಸಲಾಗಿತ್ತು. ಇಂದಿನ ತಿಳಿವಳಿಕೆ ಬೇರೆ. ಪಾಚಿಯಲ್ಲಿ ನೂರಾರು ಬಗೆಯ ಜೀವಿಗಳು ಒಟ್ಟಿಗೆ ಬಾಳುತ್ತವೆ. ಸಕ್ಕರೆ ಪದೇಪದೇ ಬಂದು ಪಾಚಿ ಪದೇಪದೇ ಹುಳಿಯಾದಾಗ, ಹುಳಿಯನ್ನು ತಾಳಿಕೊಳ್ಳುವ ಜಾತಿಗಳು ಹೆಚ್ಚಿ ಉಳಿದವು ಹಿಂಜರಿಯುತ್ತವೆ. ಎಂದರೆ ಹೊರಗಿನ ಶತ್ರು ಬಾಯಿಗೆ ನುಗ್ಗುವುದರಿಂದ ಹುಳುಕಾಗುವುದಿಲ್ಲ; ಬಾಯಿಯ ನಿವಾಸಿಗಳ ಸಮತೋಲ ಕೆಡುವುದರಿಂದ ಹುಳುಕಾಗುತ್ತದೆ.

ವೇಗದ ವಿಷಯವನ್ನು ಅಳೆದು ತೋರಿಸಿದವನು ಅಮೆರಿಕದ ರಾಬರ್ಟ್ ಸ್ಟೀಫನ್. 1940ರ ದಶಕದಲ್ಲಿ ಅವನು ಹಲ್ಲಿನ ಪಾಚಿಯ ಆಮ್ಲೀಯತೆಯನ್ನು ನೇರವಾಗಿ ಅಳೆದ. ಆಮ್ಲೀಯತೆಯ ಅಳತೆ ಪಿಎಚ್. ಅದು ಏಳಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು. ಸಕ್ಕರೆ ನೀರಿನಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಪಾಚಿಯ ಪಿಎಚ್ ಐದರ ಆಸುಪಾಸಿಗೆ ಕುಸಿಯುತ್ತದೆ. ಮತ್ತೆ ಮೊದಲಿನ ಮಟ್ಟಕ್ಕೆ ಏರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ. ದಂತಕವಚದ ಖನಿಜ ಕರಗತೊಡಗುವುದು ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ. ಹೀಗಾಗಿ ಪ್ರತಿ ಸಲ ಸಿಹಿ ಬಾಯಿಗೆ ಬಿದ್ದಾಗಲೂ ಕವಚ ಸ್ವಲ್ಪ ಕರಗುತ್ತದೆ. ಇದು ರೋಗಿಗೆ ಮಾತ್ರ ಆಗುವುದಲ್ಲ, ಎಲ್ಲರ ಬಾಯಿಯಲ್ಲಿಯೂ ದಿನವೂ ನಡೆಯುವ ಕ್ರಿಯೆ.

ಕರಗಿದ್ದು ಮತ್ತೆ ಕೂಡುವುದೂ ದಿನವೂ ನಡೆಯುತ್ತದೆ. ಜೊಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅಗತ್ಯಕ್ಕಿಂತ ಹೆಚ್ಚಾಗಿಯೇ ಇವೆ; ಹುಳಿಯನ್ನು ತಗ್ಗಿಸುವ ಬೈಕಾರ್ಬೊನೇಟೂ ಇದೆ. ಪಿಎಚ್ ಮೇಲೇರಿದೊಡನೆ ಖನಿಜ ಹರಳುಗಳ ಮೇಲೆ ಮರಳಿ ಕೂಡುತ್ತದೆ. ಕರಗುವುದು ಖರ್ಚು, ಕೂಡುವುದು ಜಮೆ. ದಿನದ ಕೊನೆಗೆ ಲೆಕ್ಕ ಸರಿಹೋದರೆ ಹಲ್ಲು ಉಳಿಯುತ್ತದೆ. ಖರ್ಚು ವಾರಗಟ್ಟಲೆ, ತಿಂಗಳುಗಟ್ಟಲೆ ಜಮೆಯನ್ನು ಮೀರಿದರೆ ಕವಚದೊಳಗೆ ಕೊರತೆ ಬೀಳುತ್ತದೆ. ಆ ಕೊರತೆಯ ಹೆಸರೇ ಆರಂಭದ ಹುಳುಕು.

ಮೇಲ್ಮೈ ಉಳಿದು ಒಳಗು ಸವೆಯುವುದು

ಈ ಕೊರತೆ ಮೊದಲು ಬೀಳುವುದು ಹೊರಮೈಯಲ್ಲಿ ಅಲ್ಲ ಎಂಬುದು ಇಡೀ ಪ್ರಕರಣದ ಅತ್ಯಂತ ಅಚ್ಚರಿಯ ಸಂಗತಿ. ಬಂಡೆಯ ಮೇಲೆ ಹುಳಿ ಸುರಿದರೆ ಬಂಡೆ ಮೇಲಿನಿಂದ ಸವೆಯುತ್ತದೆ. ಹಲ್ಲಿನಲ್ಲಿ ಹಾಗಾಗುವುದಿಲ್ಲ. ಆಮ್ಲವು ಕವಚದ ಸಂದುಗಳ ನೀರಿನೊಳಕ್ಕೆ ಇಳಿದು, ಒಳಗಿನ ಹರಳುಗಳನ್ನು ಕರಗಿಸುತ್ತದೆ. ಕರಗಿದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅದೇ ಸಂದುಗಳ ಮೂಲಕ ಹೊರಕ್ಕೆ ಹರಿದುಬರುವಾಗ ಮೇಲ್ಮೈಯ ಸಮೀಪದಲ್ಲಿ ಸಾಂದ್ರತೆ ಹೆಚ್ಚುತ್ತದೆ. ಹೊರಗಿನಿಂದ ಜೊಲ್ಲಿನ ಖನಿಜವೂ ಅಲ್ಲಿಗೆ ಬಂದು ಸೇರುತ್ತದೆ. ಹೀಗೆ ಒಳಗಿನಿಂದ ಹೊರಟದ್ದರ ಒಂದು ಪಾಲು ಹೊಸ್ತಿಲಿನಲ್ಲಿಯೇ ಮತ್ತೆ ಹರಳುಗಟ್ಟುತ್ತದೆ. ಅಲ್ಲದೆ ಮೇಲ್ಪದರದ ಹರಳುಗಳಲ್ಲಿ ಫ್ಲೋರೈಡ್ ಹೆಚ್ಚು, ಕಾರ್ಬೊನೇಟ್ ಕಡಿಮೆ. ಆದ್ದರಿಂದ ಅವು ಸುಲಭವಾಗಿ ಕರಗುವುದಿಲ್ಲ. ಪರಿಣಾಮವಾಗಿ ಕೆಲವು ಹತ್ತು ಮೈಕ್ರೊಮೀಟರ್ ದಪ್ಪದ ಮೇಲ್ಪದರ ಬಹುಮಟ್ಟಿಗೆ ಹಾಗೆಯೇ ಉಳಿದು, ಅದರ ಕೆಳಗಿನ ಭಾಗ ಟೊಳ್ಳಾಗುತ್ತ ಹೋಗುತ್ತದೆ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಎ. ಐ. ಡಾರ್ಲಿಂಗ್ 1950ರ ದಶಕದಲ್ಲಿ ಇಂಥ ಹಲ್ಲುಗಳನ್ನು ತೆಳುವಾಗಿ ಸೀಳಿ, ಧ್ರುವೀಕೃತ ಬೆಳಕಿನಲ್ಲಿ ಪರೀಕ್ಷಿಸಿ ನಾಲ್ಕು ವಲಯಗಳನ್ನು ಗುರುತಿಸಿದ. ಎಲ್ಲಕ್ಕಿಂತ ಒಳಗಿರುವುದು ಪಾರದರ್ಶಕ ವಲಯ. ರೋಗದ ಮುನ್ನಡೆಯುವ ಅಂಚು ಇದು. ಇಲ್ಲಿ ಸಂದುಗಳ ಪಾಲು ಶೇಕಡಾ 0.1ರಿಂದ ಸುಮಾರು 1ಕ್ಕೆ ಏರಿರುತ್ತದೆ. ಅದರ ಹಿಂದೆ ಶೇಕಡಾ 2ರಿಂದ 4ರಷ್ಟು ಸಂದುಗಳಿರುವ ಕಪ್ಪು ವಲಯ. ಇಲ್ಲಿಯ ಕೆಲವು ಸಂದುಗಳು ಮೊದಲಿಗಿಂತಲೂ ಸಣ್ಣವು. ಕರಗಿದ ಖನಿಜ ಮರಳಿ ಕೂಡಿದುದರ ಗುರುತು ಅದು. ಮೂರನೆಯದು ರೋಗದ ಒಡಲು. ಅಂಚಿನಲ್ಲಿ ಶೇಕಡಾ 5ರಷ್ಟು, ನಡುವಿನಲ್ಲಿ 25ರಷ್ಟು ಭಾಗ ಖಾಲಿಯಾಗಿರುತ್ತದೆ. ನಾಲ್ಕನೆಯದು ಮೇಲ್ಪದರ. ಎಂದರೆ ಒಂದೇ ಮಚ್ಚೆಯೊಳಗೆ ಕರಗುವ ನೆಲೆಯೂ ಕೂಡುವ ನೆಲೆಯೂ ಅಕ್ಕಪಕ್ಕದಲ್ಲಿವೆ. ಹುಳು ಕೊರೆದ ಮರದಲ್ಲಿ ಇಂಥದು ಸಾಧ್ಯವಿಲ್ಲ. ಹುಳು ತಿಂದ ಮರವನ್ನು ಮರಳಿ ತಂದಿಡುವುದಿಲ್ಲ.

ಬಿಳಿ ಮಚ್ಚೆಯನ್ನು ನೋಡುವ ಬಗೆ

ಕವಚದೊಳಗಿನ ಈ ಕೊರತೆ ಹೊರಗೆ ಸುಣ್ಣದ ಬಿಳುಪಿನ ಮಚ್ಚೆಯಾಗಿ ಕಾಣುತ್ತದೆ. ಬಿಳುಪಿಗೆ ಕಾರಣ ಬಣ್ಣವಲ್ಲ, ಬೆಳಕು. ಬಿಳಿಯ ಪಂಚೆ ಒದ್ದೆಯಾದಾಗ ಅದರ ಮೂಲಕ ಮೈ ಕಾಣುತ್ತದೆ, ಒಣಗಿದಾಗ ಕಾಣುವುದಿಲ್ಲ. ನೂಲಿನ ನಡುವೆ ನೀರಿದ್ದರೆ ಬೆಳಕು ಹೆಚ್ಚು ಚೆದುರದೆ ಹಾದುಹೋಗುತ್ತದೆ, ಗಾಳಿಯಿದ್ದರೆ ಚೆದುರುತ್ತದೆ. ಹಲ್ಲಿನಲ್ಲಿಯೂ ಇದೇ ತತ್ತ್ವ. ದಂತಕವಚದ ವಕ್ರೀಭವನಾಂಕ 1.62, ನೀರಿನದು 1.33, ಗಾಳಿಯದು 1. ಸಂದುಗಳು ಸ್ವಲ್ಪವೇ ಹಿಗ್ಗಿದ್ದು ಅವುಗಳಲ್ಲಿ ನೀರು ತುಂಬಿದ್ದರೆ ಮಚ್ಚೆ ಕಾಣುವುದಿಲ್ಲ; ಗಾಳಿಯೂದಿ ಒಣಗಿಸಿದಾಗ ಮೂಡುತ್ತದೆ. ಒದ್ದೆಯಾಗಿರುವಾಗಲೇ ಮಚ್ಚೆ ಕಂಡರೆ ರೋಗ ಹೆಚ್ಚು ಆಳಕ್ಕೆ ಇಳಿದಿದೆಯೆಂದು ತಿಳಿಯಬಹುದು. ದಂತವೈದ್ಯರು ಹಲ್ಲನ್ನು ಮೊದಲು ಶುಚಿಗೊಳಿಸಿ, ಕೆಲವು ಸೆಕೆಂಡು ಒಣಗಿಸಿ ನೋಡುವುದರ ಮರ್ಮ ಇದು. ಹಿಂದೆ ಮೊನಚಾದ ಸಲಾಕೆಯಿಂದ ಚುಚ್ಚಿ ಪರೀಕ್ಷಿಸುವ ವಾಡಿಕೆಯಿತ್ತು. ಟೊಳ್ಳಿನ ಮೇಲೆ ನಿಂತಿರುವ ತೆಳುಪದರವನ್ನು ಆ ಚುಚ್ಚುವಿಕೆಯೇ ಮುರಿಯಬಹುದೆಂದು ತಿಳಿದ ಮೇಲೆ ಅದನ್ನು ಕೈಬಿಡುವಂತೆ ಬೋಧಿಸಲಾಗುತ್ತಿದೆ.

ಮಚ್ಚೆ ಎಲ್ಲಿ ಬೇಕಾದರಲ್ಲಿ ಮೂಡುವುದಿಲ್ಲ. ಪಾಚಿ ಅಲುಗದೆ ನಿಲ್ಲುವ ಕಡೆಯಲ್ಲಿ ಮಾತ್ರ ಮೂಡುತ್ತದೆ: ಒಸಡಿನ ಅಂಚಿನಗುಂಟ, ಎರಡು ಹಲ್ಲುಗಳು ತಾಗುವ ಜಾಗದ ಸ್ವಲ್ಪ ಕೆಳಗೆ, ದವಡೆ ಹಲ್ಲಿನ ಸೀಳುಗಳಲ್ಲಿ. ಮೈ ಒರಟಾಗಿ, ಹೊಳಪಿಲ್ಲದೆ ಸುಣ್ಣದಂತಿದ್ದರೆ ರೋಗ ನಡೆಯುತ್ತಿದೆ. ನಯವಾಗಿ ಹೊಳೆಯುತ್ತಿದ್ದರೆ ನಿಂತಿದೆ.

ಇಲ್ಲಿ ಇನ್ನೊಂದು ಬಿಳುಪಿನೊಡನೆ ಗೊಂದಲವಾಗುವ ಸಂಭವವಿದೆ. ಸಯನ್-ಧಾರಾವಿಯ ಪರಿಸರಕ್ಕೆ ಬಂದ ಉತ್ತರ ಕರ್ನಾಟಕದ ಕುಟುಂಬಗಳ ಮಟ್ಟಿಗೆ ಈ ಮಾತು ವಿಶೇಷವಾಗಿ ಪ್ರಸ್ತುತ. ರಾಯಚೂರು, ಕೊಪ್ಪಳ, ಗದಗ, ಕಲಬುರಗಿ, ಬಳ್ಳಾರಿ, ಚಿತ್ರದುರ್ಗ, ತುಮಕೂರು, ಕೋಲಾರ ಮೊದಲಾದ ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಎಂಬುದು ಭಾರತೀಯ ಮಾನಕದ ಮಿತಿ. ಬೇರೆ ನೀರಿಲ್ಲದಲ್ಲಿ 1.5ರವರೆಗೆ ಸಹ್ಯ. ಭಾರತದಲ್ಲಿ ಈ ತೊಂದರೆಯನ್ನು ಮೊದಲಿಗೆ ವರದಿ ಮಾಡಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವ ಬಾಲ್ಯದಲ್ಲಿ ಇಂಥ ನೀರು ಕುಡಿದವರ ಹಲ್ಲು ಬಿಳಿಯ ಗೆರೆಗಳಿಂದಲೂ ಕಂದು ಕಲೆಗಳಿಂದಲೂ ಕೂಡಿರುತ್ತದೆ. ಈ ಬಿಳುಪು ಹಲ್ಲಿನೊಡನೆ ಹುಟ್ಟಿದ್ದು. ಎಡಬಲಗಳಲ್ಲಿ ಸಮವಾಗಿ, ಅಂಚು ಸ್ಪಷ್ಟವಿಲ್ಲದೆ ಮೈತುಂಬ ಹಬ್ಬಿರುತ್ತದೆ. ಹುಳುಕಿನ ಬಿಳುಪು ಹಲ್ಲು ಮೂಡಿದ ಮೇಲೆ ಬಂದದ್ದು. ಪಾಚಿ ನಿಂತ ಜಾಗದ ಆಕಾರವನ್ನೇ ತಳೆದಿರುತ್ತದೆ. ಮೊದಲನೆಯದು ನೀರಿನ ಚರಿತ್ರೆ, ಎರಡನೆಯದು ದಿನಚರಿಯ ಗುರುತು.

ಹೊತ್ತಿನ ಲೆಕ್ಕ

ಬಿಳಿ ಮಚ್ಚೆ ಮೂಡಲು ಎಷ್ಟು ಕಾಲ ಬೇಕು, ಅದು ಹಿಂದಿರುಗಬಲ್ಲುದೇ ಎಂಬ ಪ್ರಶ್ನೆಗಳಿಗೆ ಮನುಷ್ಯರ ಮೇಲೆ ನಡೆದ ಅಧ್ಯಯನಗಳಿಂದ ಉತ್ತರ ದೊರೆತಿದೆ. ವಾನ್ ಡೆರ್ ಫೇರ್ ಮತ್ತು ಸಂಗಡಿಗರು 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಂತವೈದ್ಯ ವಿದ್ಯಾರ್ಥಿಗಳು 23 ದಿನ ಹಲ್ಲುಜ್ಜದೆ ಇದ್ದರು. ಅವರಲ್ಲಿ ಒಂದು ಗುಂಪು ದಿನಕ್ಕೆ ಒಂಬತ್ತು ಸಲ ಸಕ್ಕರೆಯ ದ್ರಾವಣದಿಂದ ಬಾಯಿ ಮುಕ್ಕಳಿಸಿತು. ಮೂರು ವಾರ ಕಳೆಯುವಷ್ಟರಲ್ಲಿ ಆರಂಭದ ಮಚ್ಚೆಗಳು ಕಾಣಿಸಿಕೊಂಡವು. ಅನಂತರ ಹಲ್ಲುಜ್ಜುವಿಕೆ ಮತ್ತು ಫ್ಲೋರೈಡ್ ದ್ರಾವಣದಿಂದ ಅವು ಬಹುಮಟ್ಟಿಗೆ ಹಿಂಜರಿದವು. ನೆದರ್ಲೆಂಡ್ಸಿನ ಬಾಕರ್ ಡಿರ್ಕ್ಸ್ 1966ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ದೀರ್ಘಕಾಲದ್ದು. ಎಂಟು ವರ್ಷದ ಮಕ್ಕಳ ದವಡೆ ಹಲ್ಲುಗಳ ಕೆನ್ನೆಯ ಬದಿಯಲ್ಲಿ ಗುರುತಿಸಿದ 72 ಬಿಳಿ ಮಚ್ಚೆಗಳನ್ನು ಅವರು ಹದಿನೈದನೆಯ ವಯಸ್ಸಿನಲ್ಲಿ ಮತ್ತೆ ನೋಡಿದರು. ಒಂಬತ್ತು ಮಾತ್ರ ಕುಳಿಗಳಾಗಿದ್ದವು. 26 ಹಾಗೆಯೇ ಇದ್ದವು. 37 ಮಚ್ಚೆಗಳು ಕಣ್ಣಿಗೆ ಕಾಣದಂತೆ ಮಾಯವಾಗಿದ್ದವು. ಹಲ್ಲು ಮೇಲೇರಿದಂತೆ ಒಸಡಿನ ಅಂಚಿನಲ್ಲಿದ್ದ ಜಾಗ ಬಯಲಿಗೆ ಬಂದು, ಪಾಚಿ ನಿಲ್ಲಲು ಆಸರೆ ತಪ್ಪಿದುದು ಇದಕ್ಕೆ ಮುಖ್ಯ ಕಾರಣ. ಅರ್ಧಕ್ಕಿಂತ ಹೆಚ್ಚು ಮಚ್ಚೆಗಳು ಸಲಾಕೆಯ ಕೊರೆತವಿಲ್ಲದೆ, ಸಿಮೆಂಟಿನ ತುಂಬುವಿಕೆಯಿಲ್ಲದೆ ಹಿಂದೆ ಸರಿದಿದ್ದವು.

ಸಿಹಿಯ ಪ್ರಮಾಣಕ್ಕಿಂತ ಅದನ್ನು ತಿನ್ನುವ ಸಲಗಳು ಮುಖ್ಯವೆಂಬುದನ್ನು ತೋರಿಸಿದ ಅಧ್ಯಯನ ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯದು. ಅದರ ಫಲಿತಾಂಶ 1954ರಲ್ಲಿ ಪ್ರಕಟವಾಯಿತು. ಊಟದ ಜೊತೆಯ ಸಕ್ಕರೆಗಿಂತ ಊಟಗಳ ನಡುವೆ ತಿನ್ನುವ ಅಂಟು ಮಿಠಾಯಿ ಹಲವು ಪಟ್ಟು ಹಾನಿಕರವೆಂದು ಅದರಿಂದ ತಿಳಿದುಬಂದಿತು. ಆದರೆ ಈ ಜ್ಞಾನಕ್ಕೆ ಬೆಲೆ ತೆತ್ತವರು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದ ಬುದ್ಧಿಮಾಂದ್ಯರು. ಬೇಕೆಂದೇ ಅವರ ಹಲ್ಲುಗಳನ್ನು ಹಾಳುಗೆಡಹಲಾಯಿತು. ವೈದ್ಯಕೀಯ ನೀತಿಯ ಚರಿತ್ರೆಯಲ್ಲಿ ಇದು ಕಳಂಕವಾಗಿಯೇ ಉಳಿದಿದೆ.

ಈ ಫಲಿತಾಂಶವನ್ನು ಮುಂಬಯಿ ಕನ್ನಡಿಗರ ಬದುಕಿಗೆ ಅನ್ವಯಿಸಿ ನೋಡಬಹುದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹುಡುಗರ ಪೀಳಿಗೆಗಳು ಈ ನಗರದ ಕನ್ನಡ ಚರಿತ್ರೆಯ ದೊಡ್ಡ ಅಧ್ಯಾಯ. ದುಡಿಮೆಯ ದಣಿವಿಗೆ ಸಕ್ಕರೆ ಹಾಕಿದ ‘ಕಟಿಂಗ್’ ಚಹಾ ಸುಲಭದ ಆಸರೆ. ದಿನಕ್ಕೆ ಎಂಟು ಸಲ ಅರ್ಧ ಲೋಟ ಚಹಾ ಕುಡಿದರೆ, ಸಲಕ್ಕೆ ಅರ್ಧ ಗಂಟೆಯಂತೆ, ನಾಲ್ಕು ಗಂಟೆ ಪಾಚಿ ಹುಳಿಯಾಗಿರುತ್ತದೆ. ಒಬ್ಬಟ್ಟಿನ ಊಟಕ್ಕೆ ಕುಳಿತವನ ಬಾಯಿ ಅಂದು ಒಂದು ಸಲ ಹುಳಿಯಾಗುತ್ತದೆ. ಅವನು ತಿಂದ ಸಕ್ಕರೆ ಹೆಚ್ಚಾಗಿರಬಹುದು. ಚಹಾದವನ ಹಲ್ಲಿನ ಖರ್ಚು ಹೆಚ್ಚು. ದೋಷ ಸಿಹಿಯಲ್ಲಿ ಮಾತ್ರ ಇಲ್ಲ, ಬಿಡುವು ಕೊಡದ ದುಡಿಮೆಯ ಕ್ರಮದಲ್ಲಿಯೂ ಇದೆ.

ಎಳೆಯ ಮಕ್ಕಳಲ್ಲಿ ಇದೇ ಲೆಕ್ಕ ರಾತ್ರಿಯ ಹೊತ್ತಿನಲ್ಲಿ ತಪ್ಪುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹುಮಟ್ಟಿಗೆ ನಿಂತುಹೋಗುತ್ತದೆ. ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಿಯಲ್ಲಿಟ್ಟುಕೊಂಡೇ ಮಲಗುವ ಮಗುವಿನ ಮೇಲಿನ ಮುಂದಿನ ಹಲ್ಲುಗಳು ಮೊದಲು ಬಿಳಿಚುತ್ತವೆ. ಕೆಳಗಿನವನ್ನು ನಾಲಗೆ ಮತ್ತು ಜೊಲ್ಲು ಕಾಯುತ್ತವೆ. ಹಾಲುಹಲ್ಲಿನ ಕವಚ ತೆಳುವಾದುದರಿಂದ ಮಚ್ಚೆಯಿಂದ ಕುಳಿಗೆ ಹೆಚ್ಚು ದಿನ ಹಿಡಿಯುವುದಿಲ್ಲ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕು 1989ರಲ್ಲಿ ಸ್ಥಾಪನೆಯಾದದ್ದು ಇದೇ ಸಯನ್ ಆಸ್ಪತ್ರೆಯಲ್ಲಿ. ಬಾಟಲಿಯ ಅಭ್ಯಾಸವನ್ನು ತಗ್ಗಿಸುವ ಅಂಥ ಪ್ರಯತ್ನ ಹಸುಗೂಸಿನ ಜೀವ ಉಳಿಸುವುದಕ್ಕಾಗಿ ನಡೆದದ್ದು. ಅದರಿಂದ ಹಲ್ಲಿಗೂ ಒಳಿತೇ.

ಹಿಂದಿರುಗುವ ದಾರಿ

ಹಿಂದಿರುಗುವ ದಾರಿಯ ಸಾಧನಗಳು ಸರಳ. ಪಾಚಿಯನ್ನು ದಿನಕ್ಕೆರಡು ಸಲ ತೆಗೆಯುವುದು, ಊಟಗಳ ನಡುವಿನ ಸಿಹಿಯನ್ನು ತಗ್ಗಿಸುವುದು, ಮಲಗುವ ಮುನ್ನ ಬಾಯಿಯನ್ನು ಶುಚಿಯಾಗಿಡುವುದು. ಉಂಡ ಮೇಲೆ ಬಾಯಿ ಮುಕ್ಕಳಿಸುವ ಹಳೆಯ ವಾಡಿಕೆ ಒಳ್ಳೆಯದೇ, ಆದರೆ ಅಂಟಿದ ಪಾಚಿಯನ್ನು ಅದು ಕೀಳಲಾರದು. ಇದ್ದಿಲು, ಇಟ್ಟಿಗೆಪುಡಿಗಳಂಥ ಒರಟು ವಸ್ತುಗಳು ಪಾಚಿಯ ಜೊತೆಗೆ ಕವಚವನ್ನೂ ಸವೆಸುತ್ತವೆ.

ಇವುಗಳ ಜೊತೆಗೆ ಫ್ಲೋರೈಡ್. ಮಿತಿಮೀರಿದಾಗ ಹಲ್ಲನ್ನು ಕೆಡಿಸುವ ವಸ್ತುವೇ ಅಲ್ಪ ಪ್ರಮಾಣದಲ್ಲಿ ಹಲ್ಲಿನ ಮೇಲ್ಮೈಯಲ್ಲಿದ್ದರೆ ಕರಗುವುದನ್ನು ತಡೆದು ಕೂಡುವುದನ್ನು ಬೇಗಗೊಳಿಸುತ್ತದೆ. ಹಾಗೆ ಮರಳಿ ಕೂಡಿದ ಹರಳು ಮೊದಲಿನದಕ್ಕಿಂತ ಗಟ್ಟಿ. ಶುದ್ಧ ಫ್ಲೋರಪಟೈಟ್ ಕರಗತೊಡಗುವುದು ಪಿಎಚ್ ಸುಮಾರು 4.5ಕ್ಕೆ ಇಳಿದಾಗ. ನುಂಗಿದ ಫ್ಲೋರೈಡಿಗಿಂತ ಹಲ್ಲಿಗೆ ತಾಗುವ ಫ್ಲೋರೈಡೇ ಮುಖ್ಯವೆಂಬುದು ಈಗಿನ ನಿಲುವು. ಮಳೆನೀರಿನಿಂದ ತುಂಬುವ ತಾನ್ಸಾ, ವೈತರಣಾ, ಭಾತ್ಸಾ ಮೊದಲಾದ ಜಲಾಶಯಗಳ ನೀರು ಕುಡಿಯುವ ಮುಂಬಯಿಯವರಿಗೆ ಈ ಕೆಲಸವನ್ನು ದಂತಮಂಜನವೇ ಮಾಡಬೇಕು. ಭಾರತದಲ್ಲಿ ಅದರ ಮಿತಿ ಹತ್ತು ಲಕ್ಷಕ್ಕೆ ಸಾವಿರ ಭಾಗ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ನುಂಗದೆ ಉಗುಳುವುದನ್ನು ಕಲಿಸಬೇಕು. ಫ್ಲೋರೈಡುಳ್ಳ ದಂತಮಂಜನವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈ ದಾರಿಗೂ ಒಂದು ಎಲ್ಲೆಯಿದೆ. ಟೊಳ್ಳು ಹಿಗ್ಗಿ ಮೇಲ್ಪದರ ಕುಸಿದ ದಿನ ಪಾಚಿ ಒಳಗೇ ಮನೆ ಮಾಡುತ್ತದೆ. ಅಲ್ಲಿಗೆ ಬಿರುಸುಗುಂಚ ತಲುಪದು, ಜೊಲ್ಲೂ ಸರಾಗವಾಗಿ ಹರಿಯದು. ಅಂದಿನಿಂದ ಕುಳಿಯನ್ನು ತುಂಬಿಸದೆ ಗತಿಯಿಲ್ಲ. ಅದಕ್ಕೆ ಮುಂಚೆ ರೋಗವನ್ನು ನಿಲ್ಲಿಸಿದರೂ ಮಚ್ಚೆ ಪೂರ್ತಿ ಅಳಿಯುತ್ತದೆಂಬ ಭರವಸೆಯಿಲ್ಲ. ಮೇಲ್ಪದರ ಮೊದಲು ಮುಚ್ಚಿಕೊಂಡರೆ ಆಳದ ಸಂದುಗಳು ಹಾಗೆಯೇ ಉಳಿದು, ಬಿಳಿಯ ಅಥವಾ ಕಂದು ಕಲೆ ಬಾಳಿನುದ್ದಕ್ಕೂ ನಿಲ್ಲಬಹುದು. ಅದು ರೋಗವಲ್ಲ, ಮಾದ ಗಾಯದ ಕಲೆ.

ಹೀಗೆ ನೋಡಿದಾಗ ‘ಹುಳುಕು’ ಎಂಬ ಮಾತು ರೋಗದ ಕೊನೆಯ ರೂಪಕ್ಕೆ ಹೊಂದುತ್ತದೆಯೇ ಹೊರತು ಮೊದಲ ರೂಪಕ್ಕಲ್ಲ. ಆ ಮೊದಲ ರೂಪಕ್ಕೆ ಕನ್ನಡದಲ್ಲಿ ನೆಲೆಗೊಂಡ ಹೆಸರಿಲ್ಲ. ‘ಬಿಳಿ ಮಚ್ಚೆ’ ಎಂದರೂ ಆದೀತು, ಹಲ್ಲು ‘ಹುಳಿತಿದೆ’ ಎಂದರೂ ಆದೀತು. ಹುಳಿತ ಹಿಟ್ಟು ಕೆಟ್ಟ ಹಿಟ್ಟಲ್ಲವೆಂಬುದು, ಹೊತ್ತು ಮೀರಿದರೆ ಮಾತ್ರ ಕೆಡುತ್ತದೆಂಬುದು ಎಲ್ಲ ಮನೆಗಳಿಗೂ ಗೊತ್ತು. ಹೆಸರು ಯಾವುದಾದರೂ ಸರಿ, ಅದು ಶಾಲೆಯ ಪಾಠದಲ್ಲಿಯೂ ಆಸ್ಪತ್ರೆಯ ಮಾತುಕತೆಯಲ್ಲಿಯೂ ಬಳಕೆಗೆ ಬರಬೇಕು. ಮಗುವಿನ ತುಟಿಯನ್ನು ಮೇಲೆತ್ತಿ ಒಸಡಿನ ಅಂಚನ್ನು ನೋಡುವ ತಾಯಿಗೆ ತಾನು ಏನನ್ನು ಹುಡುಕುತ್ತಿದ್ದೇನೆಂಬುದು ಮಾತಿನಲ್ಲಿ ತಿಳಿದಿದ್ದರೆ, ಆ ಮಗು ನೋವಿನಿಂದ ಅಳುತ್ತ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾಗುವುದಿಲ್ಲ.